ಫೋನು ಹೋದರೆ ಏನೇನು ಹೋಯಿತು?

ಮಳೆಗಾಲ ಬಂತೆಂದರೆ ನಮ್ಮ ಸಂಘದ ಕಛೇರಿಗೆ ಎರಡು ಬಗೆಯ ಅಹವಾಲು ತಪ್ಪದೆ ಬರುತ್ತವೆ. ಒಂದು, ಕೊಳೆರೋಗಕ್ಕೆ ಔಷಧಿ ಹೊಡೆಯಲು ಹೊಳವು ಕೊಡದ ಮಳೆಯ ಬಗ್ಗೆ. ಇನ್ನೊಂದು, ಮೊಬೈಲ್ ಫೋನಿನ ಬಗ್ಗೆ. ಒಬ್ಬರ ಫೋನು ಬೋರ್ಡೋ ದ್ರಾವಣದ ಡ್ರಮ್ಮಿಗೆ ಬಿದ್ದಿರುತ್ತದೆ. ಮತ್ತೊಬ್ಬರದು ಬಸ್ಸಿನ ಸೀಟಿನ ಮೇಲೆ ಉಳಿದಿರುತ್ತದೆ. ಮಗದೊಬ್ಬರದು ಸಂತೆಯಲ್ಲಿ ಜೇಬಿನಿಂದಲೇ ಮಾಯವಾಗಿರುತ್ತದೆ. ಬಂದವರಲ್ಲಿ ಅರ್ಧ ಜನ ಕೇಳುವುದು ಒಂದೇ ಪ್ರಶ್ನೆ: ‘ಸೆಕ್ರೆಟರಿಗಳೇ, ನನ್ನ ದುಡ್ಡೆಲ್ಲ ಹೋಯ್ತಾ?’ ಉಳಿದರ್ಧ ಜನರದು ಇದಕ್ಕೆ ತದ್ವಿರುದ್ಧ. ‘ಹಳೇ ಫೋನು, ಹೋದ್ರೆ ಹೋಗ್ಲಿ, ಮಗ ದಸರಾಕ್ಕೆ ಬರುವಾಗ ಹೊಸದು ತರ್ತಾನೆ’ ಎಂದು ನಿಶ್ಚಿಂತೆಯಿಂದ ವಾರಗಟ್ಟಲೆ ಸುಮ್ಮನೆ ಕೂರುತ್ತಾರೆ.

ಮೊದಲನೆಯವರ ಭಯ ಬಹುಪಾಲು ಅನಾವಶ್ಯಕ. ಎರಡನೆಯವರ ನಿಶ್ಚಿಂತೆ ಮಾತ್ರ ನಿಜಕ್ಕೂ ಅಪಾಯಕರ. ಎರಡಕ್ಕೂ ಮೂಲ ಒಂದೇ: ಫೋನಿನಲ್ಲಿ ಕಾಣುವ ವಸ್ತುಗಳಲ್ಲಿ ಯಾವುದು ಫೋನಿನೊಳಗೇ ಇದೆ, ಯಾವುದು ಬೇರೆಲ್ಲೋ ಇದೆ ಎಂಬುದು ನಮಗೆ ಗೊತ್ತಿಲ್ಲ. ಈ ಲೇಖನದಲ್ಲಿ ಹೇಳಹೊರಟಿರುವುದು ಅಷ್ಟೇ. ಇದರಲ್ಲಿ ಕಂಪ್ಯೂಟರ್ ವಿದ್ಯೆಯ ಕೆಲವು ಶಬ್ದಗಳು ಬರುತ್ತವೆ. ಹೆದರಬೇಕಾಗಿಲ್ಲ. ನಾವು ಕಾಲೇಜಿನಲ್ಲಿ ಓದುತ್ತಿದ್ದಾಗ ಕಂಪ್ಯೂಟರ್ ಇದ್ದ ಕೋಣೆಗೆ ದೇವಸ್ಥಾನಕ್ಕೆ ಹೋದಂತೆ ಚಪ್ಪಲಿ ಕಳಚಿ ಹೋಗಬೇಕಾಗಿತ್ತು. ಆ ಕಾಲ ಹೋಗಿ ಅದೇ ಯಂತ್ರ ಇಂದು ಕೊನೆಗಾರನ ಅಂಗಿ ಜೇಬಿನಲ್ಲಿ ಮರದ ತುದಿಗೆ ಏರಿದೆ.

ಸಂಘದ ಪಾಸ್‌ಬುಕ್ಕಿನ ಉದಾಹರಣೆಯಿಂದಲೇ ಶುರುಮಾಡೋಣ. ಪಾಸ್‌ಬುಕ್ಕು ಮಳೆಯಲ್ಲಿ ನೆನೆದು ಮುದ್ದೆಯಾದರೆ ನೀವು ದುಡ್ಡು ಹೋಯಿತೆಂದು ಅಳುವುದಿಲ್ಲ. ಲೆಕ್ಕ ಇರುವುದು ಸಂಘದ ಖಾತೆಪುಸ್ತಕದಲ್ಲಿ, ಪಾಸ್‌ಬುಕ್ಕು ಅದರ ನಕಲು ಮಾತ್ರವೆಂದು ನಿಮಗೆ ಗೊತ್ತು. ಆದರೆ ಅದೇ ಚೀಲದಲ್ಲಿದ್ದ ನೂರರ ನೋಟು ನೆನೆದು ಹರಿದರೆ, ನೋಟೇ ಹೋಯಿತು. ಫೋನಿನಲ್ಲಿ ಪಾಸ್‌ಬುಕ್ಕಿನಂಥವೂ ಇವೆ, ನೋಟಿನಂಥವೂ ಇವೆ. ಜೊತೆಗೆ ಮೂರನೆಯದೊಂದಿದೆ: ಬೀಗದ ಕೈ. ಬೀಗದ ಕೈ ಕಳೆದುಹೋಯಿತೆಂದರೆ ಮನೆ ಹೋಯಿತೆಂದು ಅರ್ಥವಲ್ಲ. ಆದರೆ ಅದು ಯಾರ ಕೈಗೆ ಸಿಕ್ಕಿತು ಎಂಬುದರ ಮೇಲೆ ಮುಂದಿನ ಕಥೆ ನಿಂತಿರುತ್ತದೆ.

ಕಣ ಮತ್ತು ಉಗ್ರಾಣ

ಅಂಗಡಿಯಲ್ಲಿ ಫೋನು ಕೊಳ್ಳುವಾಗ ಹುಡುಗರು ‘ನಾಲ್ಕು–ಅರವತ್ನಾಲ್ಕು’, ‘ಎಂಟು–ನೂರಿಪ್ಪತ್ತೆಂಟು’ ಎಂದು ಮಂತ್ರ ಹೇಳಿದಂತೆ ಹೇಳುತ್ತಾರೆ. ನಾವೂ ತಲೆಯಾಡಿಸಿ ದುಡ್ಡು ಕೊಟ್ಟು ಬರುತ್ತೇವೆ. ಇದರಲ್ಲಿ ಎರಡನೆಯ ಸಂಖ್ಯೆ ಫೋನಿನ ಉಗ್ರಾಣ, ಅರ್ಥಾತ್ ಸ್ಟೋರೇಜ್. ಮೊದಲನೆಯದು ಕಾಫಿ ಕಣವಿದ್ದಂತೆ. ಅದಕ್ಕೆ ರ‍್ಯಾಮ್ ಎನ್ನುತ್ತಾರೆ. ಉಗ್ರಾಣದಲ್ಲಿ ನೂರು ಮೂಟೆ ಇದ್ದರೂ ಒಮ್ಮೆಗೆ ಹರಡಿ ಕೆಲಸ ಮಾಡುವುದು ಕಣದಲ್ಲಿ ಹಿಡಿಸುವಷ್ಟನ್ನೇ. ಫೋನು ಕೂಡ ಈ ಹೊತ್ತು ಬೇಕಾದ ಸಾಮಾನನ್ನು ಉಗ್ರಾಣದಿಂದ ತಂದು ಕಣದಲ್ಲಿ ಹರಡಿಕೊಂಡು ಕೆಲಸ ಮಾಡುತ್ತದೆ. ಹತ್ತಾರು ಆ್ಯಪ್‌ಗಳನ್ನು ಒಟ್ಟಿಗೆ ತೆರೆದಿಟ್ಟರೆ ಕಾಲಿಡಲು ಜಾಗವಿಲ್ಲದಂತಾಗಿ ಫೋನು ನಿಧಾನವಾಗುತ್ತದೆ. ‘ಆರಿಸಿ ಮತ್ತೆ ಹಾಕಿ ನೋಡಿ, ಸರಿಹೋಗುತ್ತೆ’ ಎಂಬ ಸಲಹೆಯಲ್ಲಿ ಮರ್ಮವೇನೂ ಇಲ್ಲ. ಕರೆಂಟು ಹೋದೊಡನೆ ಕಣ ಪೂರ್ತಿ ಗುಡಿಸಿದಂತೆ ಖಾಲಿಯಾಗುತ್ತದೆ. ಉಗ್ರಾಣದಲ್ಲಿದ್ದದ್ದು ಹಾಗೆಯೇ ಉಳಿಯುತ್ತದೆ.

ಉಗ್ರಾಣದ ಅಳತೆ ಬೈಟ್. ಕಂಪ್ಯೂಟರಿಗೆ ತಿಳಿಯುವುದು ಇದೆ–ಇಲ್ಲ ಎಂಬ ಎರಡೇ ಸ್ಥಿತಿ, ದೀಪದ ಸ್ವಿಚ್ಚಿನ ಹಾಗೆ. ಅಂಥ ಎಂಟು ಸ್ವಿಚ್ಚು ಸೇರಿದರೆ ಒಂದು ಬೈಟ್. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟಿನಲ್ಲಿ ಕೂರುತ್ತದೆ. ನಮ್ಮ ಕನ್ನಡದ ಒಂದೊಂದು ಸಂಕೇತಕ್ಕೆ ಇಂದು ವಾಡಿಕೆಯಲ್ಲಿರುವ ಪದ್ಧತಿಯಲ್ಲಿ ಮೂರು ಬೈಟ್ ಬೇಕು. ‘ಅಡಿಕೆ’ ಎಂದು ಬರೆದರೆ ಅ, ಡ, ಅದರ ಗುಡಿಸು, ಕ, ಅದರ ಏತ್ವ ಎಂದು ಐದು ಸಂಕೇತ; ಒಟ್ಟು 15 ಬೈಟ್. ಸಾವಿರ ಬೈಟಿಗೆ ಒಂದು ಕೆ.ಬಿ., ಹತ್ತು ಲಕ್ಷಕ್ಕೆ ಒಂದು ಎಂ.ಬಿ., ನೂರು ಕೋಟಿಗೆ ಒಂದು ಜಿ.ಬಿ. ಎಂದಿಟ್ಟುಕೊಳ್ಳಿ. ಫೋನಿನ ಕ್ಯಾಮರಾದಲ್ಲಿ ತೆಗೆದ ಒಂದು ಫೋಟೊ 3 ಎಂ.ಬಿ. ಇದ್ದರೆ ಅದೇ ಜಾಗದಲ್ಲಿ ‘ಅಡಿಕೆ’ ಎಂದು ಎರಡು ಲಕ್ಷ ಸಲ ಬರೆಯಬಹುದು. ಒಂದು ನಿಮಿಷದ ವಿಡಿಯೊ ನೂರು ಎಂ.ಬಿ. ಆಸುಪಾಸು ನುಂಗುತ್ತದೆ. ಆದಕಾರಣ ‘ಸ್ಟೋರೇಜ್ ಫುಲ್’ ಎಂದು ಫೋನು ಬೊಬ್ಬೆ ಹಾಕಿದಾಗ ಮಾರಾಟದ ಲೆಕ್ಕ ಬರೆದಿಟ್ಟ ನಾಲ್ಕು ಸಾಲನ್ನು ಅಳಿಸಿ ಪ್ರಯೋಜನವಿಲ್ಲ. ಮದುವೆಮನೆಯ ವಿಡಿಯೊಗಳನ್ನು ಮೊದಲು ನೋಡಿ.

ಫೋನು ನೀರಿಗೆ ಬಿದ್ದು ಸತ್ತರೆ ಉಗ್ರಾಣ ಏನಾಗುತ್ತದೆ? ಶುದ್ಧ ನೀರಾದರೆ ಕೂಡಲೇ ಆರಿಸಿ, ಸಿಮ್ ತೆಗೆದು, ಒಂದೆರಡು ದಿನ ಗಾಳಿಯಲ್ಲಿಟ್ಟರೆ ಬದುಕಿದರೂ ಬದುಕೀತು. ಅಕ್ಕಿ ಡಬ್ಬಿಯಲ್ಲಿ ಹೂಳುವ ಪದ್ಧತಿ ಬೇಡ. ಅಕ್ಕಿಯ ಧೂಳು ಮತ್ತಷ್ಟು ಒಳಗೆ ಸೇರುತ್ತದೆ. ಅಡಿಕೆ ಡ್ರೈಯರಿನಲ್ಲಿಟ್ಟು ನೋಡುವ ಆಲೋಚನೆ ಯಾರಿಗಾದರೂ ಬಂದಿದ್ದರೆ ದಯವಿಟ್ಟು ಬಿಡಿ, ಆ ಬಿಸಿಗೆ ಬ್ಯಾಟರಿ ಹೊತ್ತಿಕೊಂಡರೆ ಅಡಿಕೆಯೂ ಹೋಗುತ್ತದೆ. ಬೋರ್ಡೋ ದ್ರಾವಣಕ್ಕೆ ಬಿದ್ದದ್ದು ಬದುಕುವ ಆಸೆ ಕಡಿಮೆ. ನೂರು ಲೀಟರಿಗೆ ಒಂದೊಂದು ಕಿಲೋ ಮೈಲುತುತ್ತ ಮತ್ತು ಸುಣ್ಣ ಬಿದ್ದ ನೀರು ಒಳಗಿನ ತಂತುಗಳನ್ನು ತಿಂದುಬಿಡುತ್ತದೆ. ಈಚಿನ ವರ್ಷಗಳ ಫೋನುಗಳಲ್ಲಿ ಉಗ್ರಾಣದ ಸರಕೆಲ್ಲ ಗುಪ್ತಲಿಪಿಯಲ್ಲಿರುತ್ತದೆ, ಅದನ್ನು ಬಿಡಿಸುವ ಕೀಲಿ ಆ ಫೋನಿನ ಹೃದಯದಲ್ಲೇ ಇರುತ್ತದೆ. ಹೃದಯ ಸತ್ತರೆ ರಿಪೇರಿಯವನು ಉಗ್ರಾಣವನ್ನು ಕಿತ್ತು ಬೇರೆ ಫೋನಿಗೆ ಹಾಕಿ ಓದಲಾರ. ಇದರಿಂದ ಒಂದು ಲಾಭವೂ ಉಂಟು. ಪರದೆಗೆ ಬೀಗ, ಅರ್ಥಾತ್ ಸ್ಕ್ರೀನ್ ಲಾಕ್ ಹಾಕಿದ ಫೋನು ಕಳ್ಳನಿಗೆ ಸಿಕ್ಕರೆ ಅವನೂ ಸುಲಭದಲ್ಲಿ ಓದಲಾರ. ಬೀಗ ಹಾಕದ ಫೋನಿಗೆ ಈ ರಕ್ಷಣೆ ಇದ್ದೂ ಇಲ್ಲದಂತೆ. ‘ನನಗೆ ಅದೆಲ್ಲ ತೆಗೆಯೋಕೆ ಬರಲ್ಲ ಮಾರಾಯ್ರೆ’ ಎಂದು ಬೀಗವನ್ನೇ ತೆಗೆಸಿ ಇಟ್ಟುಕೊಂಡ ಹಿರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಬೆರಳಚ್ಚಿನ ಬೀಗ ಹಾಕಿಕೊಡಿ, ಬೆರಳಿಟ್ಟರೆ ಸಾಕು.

ಸಿಮ್ ಎಂಬ ಚೂರು

ಇನ್ನು ಸಿಮ್. ಕಿರುಬೆರಳಿನ ಉಗುರಿನಷ್ಟು ಪ್ಲಾಸ್ಟಿಕ್ ಚೂರು. 1991ರಲ್ಲಿ ಜರ್ಮನಿಯ ಮ್ಯೂನಿಕ್ಕಿನ ಕಂಪನಿಯೊಂದು ಫಿನ್ಲೆಂಡಿನ ಫೋನ್ ಸಂಸ್ಥೆಗೆ ಮಾಡಿಕೊಟ್ಟ ಮೊದಲ ಸಿಮ್ಮು ಎಟಿಎಂ ಕಾರ್ಡಿನಷ್ಟು ಅಗಲವಿತ್ತು; ಸವೆಯುತ್ತ ಸವೆಯುತ್ತ ಇಷ್ಟಕ್ಕೆ ಬಂದಿದೆ. ಇದರೊಳಗೆ ನಮ್ಮ ಹತ್ತು ಅಂಕೆಯ ಫೋನ್ ನಂಬರು ಇದೆಯೆಂದು ಹೆಚ್ಚಿನವರು ತಿಳಿದಿದ್ದಾರೆ. ವಾಸ್ತವವಾಗಿ ಅದರಲ್ಲಿರುವುದು 15 ಅಂಕೆಯವರೆಗಿನ ಬೇರೊಂದು ಗುರುತಿನ ಸಂಖ್ಯೆ (ಭಾರತದ ಸಿಮ್ಮುಗಳದ್ದು 404 ಅಥವಾ 405ರಿಂದ ಆರಂಭವಾಗುತ್ತದೆ) ಮತ್ತು ಒಂದು ಗುಟ್ಟಿನ ಕೀಲಿ. ಅದೇ ಕೀಲಿಯ ಪ್ರತಿ ಫೋನ್ ಕಂಪನಿಯ ಬಳಿಯೂ ಇರುತ್ತದೆ. ಫೋನು ಆನ್ ಮಾಡಿದಾಗ ಟವರಿನ ಕಡೆಯಿಂದ ಒಂದು ಲೆಕ್ಕ ಬರುತ್ತದೆ. ಸಿಮ್ಮು ತನ್ನ ಕೀಲಿ ಬಳಸಿ ಉತ್ತರ ಕಂಡುಹಿಡಿದು ಕಳಿಸುತ್ತದೆ. ಕಂಪನಿಯೂ ತನ್ನ ಪ್ರತಿಯಿಂದ ಲೆಕ್ಕ ಮಾಡಿ ತಾಳೆ ನೋಡುತ್ತದೆ. ತಾಳೆಯಾದರೆ ‘ಇವನು ನಮ್ಮವನೇ’ ಎಂದು ಒಳಗೆ ಬಿಟ್ಟುಕೊಳ್ಳುತ್ತದೆ. ಕೀಲಿ ಮಾತ್ರ ಯಾವತ್ತೂ ಗಾಳಿಯಲ್ಲಿ ಸಂಚರಿಸುವುದಿಲ್ಲ.

‘ಇಂಥ ಸಿಮ್ಮಿಗೆ ಇಂಥ ಫೋನ್ ನಂಬರು’ ಎಂಬುದು ಕಂಪನಿಯ ಪುಸ್ತಕದಲ್ಲಿರುವ ಸಾಲು. ಆದ್ದರಿಂದಲೇ ಸಿಮ್ಮು ಕಳೆದರೂ ನಂಬರು ಕಳೆಯುವುದಿಲ್ಲ. ಕಂಪನಿ ಹಳೆಯ ಸಿಮ್ಮನ್ನು ಹೊಡೆದುಹಾಕಿ, ಹೊಸ ಸಿಮ್ಮಿನ ಎದುರಿಗೆ ನಿಮ್ಮ ಹಳೆಯ ನಂಬರನ್ನೇ ಬರೆದುಕೊಡುತ್ತದೆ. ಆದರೆ ಹಾಗೆ ಹೊಡೆದುಹಾಕುವವರೆಗೆ ಹಳೆಯ ಸಿಮ್ಮೇ ನೀವು. ಅದನ್ನು ತೆಗೆದು ಬೇರೆ ಫೋನಿಗೆ ಹಾಕಿದರೂ ಅದು ನೀವೇ. ನಿಮ್ಮ ಹೆಸರಿಗೆ ಬರುವ ಒಟಿಪಿ, ಎಂದರೆ ಒಂದೇ ಸಲಕ್ಕೆ ಮಾತ್ರ ನಡೆಯುವ ಆ ಗುಟ್ಟಿನ ಸಂಖ್ಯೆ, ನೇರವಾಗಿ ಸಿಮ್ಮು ಹಿಡಿದವನ ಕೈಗೆ ಹೋಗುತ್ತದೆ. ಬ್ಯಾಂಕು, ಆಧಾರ್, ಗ್ಯಾಸು, ವಾಟ್ಸಾಪ್ ಎಲ್ಲವೂ ಹೆಬ್ಬೆಟ್ಟಿನ ಬದಲು ಈ ಒಟಿಪಿಯನ್ನೇ ನಂಬಿ ಕೂತಿವೆ. ಫೋನಿಗೆ ಹಾಕಿದ ಸ್ಕ್ರೀನ್ ಲಾಕ್ ಸಿಮ್ಮಿಗೆ ಅನ್ವಯಿಸುವುದಿಲ್ಲ. ಸಿಮ್ಮಿಗೇ ಪ್ರತ್ಯೇಕ ಬೀಗ ಹಾಕುವ ಏರ್ಪಾಡು ಫೋನಿನ ಸೆಟ್ಟಿಂಗಿನಲ್ಲಿದೆ. ಆಗ ಸಿಮ್ಮನ್ನು ಬೇರೆ ಫೋನಿಗೆ ಹಾಕಿದೊಡನೆ ಸಂಖ್ಯೆ ಕೇಳುತ್ತದೆ. ಮೂರು ಸಲ ತಪ್ಪಿದರೆ ಕಂಪನಿಯಿಂದ ಪಿಯುಕೆ ಎಂಬ ಬೇರೊಂದು ಸಂಖ್ಯೆ ಪಡೆಯಬೇಕಾಗುತ್ತದೆ, ಅದನ್ನೂ ಹತ್ತು ಸಲ ತಪ್ಪಿದರೆ ಸಿಮ್ಮು ಸತ್ತಂತೆ. ಮೊದಲ ಸಲದ ಸಂಖ್ಯೆ ಕಂಪನಿಗೊಂದು ತರಹ ಇರುವುದರಿಂದ ಅವರ ಅಂಗಡಿಯಲ್ಲೇ ಕೇಳಿ ಹಾಕಿಸಿಕೊಳ್ಳುವುದು ಲೇಸು.

ಇಲ್ಲಿ ನಮ್ಮ ಊರುಗಳಲ್ಲಿ ವಿಶೇಷವಾಗಿ ಕಾಣುವ ಒಂದು ತೊಡಕನ್ನು ಹೇಳಲೇಬೇಕು. ಸಿಮ್ ಯಾರ ಹೆಸರಿನಲ್ಲಿದೆ? ಕೇಳಿದರೆ ಅರ್ಧ ಜನ ‘ನನ್ನದೇ’ ಎನ್ನುತ್ತಾರೆ, ವಿಚಾರಿಸಿದರೆ ಅಲ್ಲ. ಹತ್ತು–ಹನ್ನೆರಡು ವರ್ಷದ ಹಿಂದೆ ಬೆಂಗಳೂರಿನ ಮಗ ತನ್ನ ದಾಖಲೆ ಕೊಟ್ಟು ತೆಗೆಸಿಕೊಟ್ಟದ್ದು, ಅಳಿಯ ಕೊಟ್ಟದ್ದು, ತೀರಿಹೋದ ಅಪ್ಪಯ್ಯನ ಹೆಸರಿನಲ್ಲಿದ್ದು ಹಾಗೆಯೇ ಮುಂದುವರಿದದ್ದು. ಬಳಸುವಾಗ ಯಾವ ತೊಂದರೆಯೂ ಇಲ್ಲ. ಕಳೆದ ದಿನ ಗೊತ್ತಾಗುತ್ತದೆ. ಹೊಸ ಸಿಮ್ ಕೊಡುವವರು ಕೇಳುವುದು ದಾಖಲೆಯಲ್ಲಿರುವ ವ್ಯಕ್ತಿಯನ್ನು. ಆ ವ್ಯಕ್ತಿ ಅಮೆರಿಕದಲ್ಲಿದ್ದರೆ ಅಥವಾ ಪರಲೋಕದಲ್ಲಿದ್ದರೆ ನಂಬರು ಮರಳಿ ಪಡೆಯಲು ಪಡಬಾರದ ಪಾಡು. ಅದೇ ನಂಬರು ಬ್ಯಾಂಕಿಗೂ ಆಧಾರಿಗೂ ಜೋಡಣೆಯಾಗಿರುತ್ತದೆ. ಸಿಮ್ಮು ಕೈಯಲ್ಲಿರುವಾಗಲೇ ಕಂಪನಿಯ ಅಂಗಡಿಗೆ ಹೋಗಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ನಂಬರುಗಳಿವೆಯೆಂಬುದನ್ನು ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಆರಂಭಿಸಿದ ‘ಸಂಚಾರ್ ಸಾಥಿ’ ತಾಣದಲ್ಲಿ ನೋಡಬಹುದು. ನೀವು ಕೊಳ್ಳದ ನಂಬರು ಕಂಡರೆ ಅಲ್ಲಿಯೇ ‘ಇದು ನನ್ನದಲ್ಲ’ ಎಂದು ತಿಳಿಸಬಹುದು.

ಹಾಗೆಯೇ ಹಳೆಯ ನಂಬರಿನ ವಿಚಾರ. ತೋಟದಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಕಂಪನಿ ಬದಲಿಸಿ ಹೊಸ ನಂಬರು ಕೊಳ್ಳುತ್ತೇವೆ. ಹಳೆಯದು ರೀಚಾರ್ಜ್ ಇಲ್ಲದೆ ಮೇಜಿನ ಖಾನೆ ಸೇರುತ್ತದೆ. ಸತತ 90 ದಿನ ಬಳಕೆಯಾಗದ ಪ್ರೀಪೇಯ್ಡ್ ನಂಬರನ್ನು ಕಂಪನಿ ಕಡಿದುಹಾಕಬಹುದು. ಕಡಿದ ಮೇಲೆ ಕನಿಷ್ಠ 90 ದಿನ ಬಿಟ್ಟು ಬೇರೆಯವರಿಗೆ ಕೊಡಬಹುದು. ಈ ಮಾತು 2023ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಹಳೆಯ ನಂಬರಿಗೆ ಜೋಡಿಸಿದ್ದನ್ನು ಬಿಡಿಸಿಕೊಳ್ಳುವ ಹೊಣೆ ಚಂದಾದಾರನದ್ದೇ ಎಂಬಂತಾಯಿತು. ನಿಮ್ಮ ಉಳಿತಾಯ ಖಾತೆಗೆ ಈಗಲೂ ಆ ಹಳೆಯ ನಂಬರೇ ಇದ್ದರೆ, ನಿಮ್ಮ ಖಾತೆಯ ಸಂದೇಶಗಳು ನಾಳೆ ಯಾವುದೋ ಊರಿನ ಅಪರಿಚಿತನಿಗೆ ಹೋಗುತ್ತವೆ. ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲೇ ಕರೆ ಮಾಡಿದರೆ ಬೇರೆ ಯಾರೋ ಎತ್ತುವ ನಂಬರುಗಳು ಎಷ್ಟೋ ಇವೆ. ಅವೇ ನಂಬರುಗಳು ಬ್ಯಾಂಕಿನಲ್ಲೂ ಇರಬಹುದೆಂದು ನನ್ನ ಗುಮಾನಿ.

ಮೋಡ ಎಂಬುದು ಎಲ್ಲಿದೆ?

‘ಕ್ಲೌಡ್‌ನಲ್ಲಿದೆ’ ಎಂದು ಮಕ್ಕಳು ಹೇಳುವುದನ್ನು ಕೇಳಿದ್ದೀರಿ. ಆಷಾಢದಲ್ಲಿ ನಮ್ಮ ಕಡೆ ಎಲ್ಲವೂ ಮೋಡದಲ್ಲೇ ಇರುತ್ತದೆ, ಆ ಮಾತು ಬೇರೆ. ಇವರು ಹೇಳುವ ಮೋಡ ಆಕಾಶದಲ್ಲಿಲ್ಲ. ನೆಲದ ಮೇಲೆ ಭಾರೀ ಕಟ್ಟಡಗಳಲ್ಲಿ ಸಾಲಾಗಿ ಜೋಡಿಸಿಟ್ಟ ಕಂಪ್ಯೂಟರುಗಳು, ಅಷ್ಟೇ. ಬೇರೊಬ್ಬರ ಉಗ್ರಾಣದಲ್ಲಿ ನಮ್ಮ ಮೂಟೆ ಇಟ್ಟಂತೆ. ಆ ಉಗ್ರಾಣದವರು ನಮ್ಮನ್ನು ಗುರುತಿಸುವುದು ಮುಖ ನೋಡಿ ಅಲ್ಲ. ಹೆಸರು ಮತ್ತು ಗುಟ್ಟಿನ ಪದ, ಅರ್ಥಾತ್ ಪಾಸ್‌ವರ್ಡ್ ನೋಡಿ. ನಮ್ಮಲ್ಲಿ ಹೆಚ್ಚಿನವರ ಫೋನುಗಳಲ್ಲಿ ಆ ಹೆಸರು ಎಂದರೆ ಗೂಗಲ್‌ನವರ ಜಿಮೇಲ್ ವಿಳಾಸ.

ಈಗ ಒಂದು ಪ್ರಶ್ನೆ. ನಿಮ್ಮ ಫೋನಿನ ಜಿಮೇಲ್ ವಿಳಾಸ ಯಾವುದು? ಪಾಸ್‌ವರ್ಡ್ ಏನು? ಫೋನು ಕೊಂಡ ದಿನ ಅಂಗಡಿಯ ಹುಡುಗ ‘ಸರ್, ಒಂದು ಐಡಿ ಮಾಡ್ಬೇಕು’ ಎಂದು ತಾನೇ ಏನೋ ಒತ್ತಿ ಮಾಡಿಕೊಟ್ಟಿರುತ್ತಾನೆ. ಅದು ಅವನಿಗೂ ನೆನಪಿಲ್ಲ, ನಮಗೆ ಮೊದಲೇ ಗೊತ್ತಿಲ್ಲ. ಫೋನು ಸರಿಯಾಗಿರುವವರೆಗೂ ಅದು ಒಳಗಿಂದ ಕೆಲಸ ಮಾಡುತ್ತ, ನಮ್ಮ ನಂಟರಿಷ್ಟರ ನಂಬರುಗಳನ್ನೂ, ಏರ್ಪಾಡು ಮಾಡಿದ್ದರೆ ಫೋಟೊಗಳನ್ನೂ ಆ ದೂರದ ಉಗ್ರಾಣಕ್ಕೆ ಸಾಗಿಸುತ್ತಿರುತ್ತದೆ. ಫೋನು ಹೋಯಿತು, ಹೊಸದು ಕೊಂಡಿರಿ, ಇನ್ನೊಬ್ಬ ಹುಡುಗ ‘ಒಂದು ಐಡಿ ಮಾಡ್ಬೇಕು’ ಎಂದು ಹೊಸದನ್ನೇ ಮಾಡಿದ. ಅಲ್ಲಿಗೆ ಹಳೆಯ ಉಗ್ರಾಣದಲ್ಲಿ ನಿಮ್ಮ ಮೂಟೆಗಳು ಸುರಕ್ಷಿತವಾಗಿಯೇ ಇವೆ, ತೆಗೆಯುವ ಚೀಟಿ ಮಾತ್ರ ನಿಮ್ಮಲ್ಲಿಲ್ಲ. ಎರಡು ವರ್ಷ ಯಾರೂ ಬಳಸದ ಖಾತೆಗಳನ್ನು ಅಳಿಸಬಹುದೆಂದು ಗೂಗಲ್ ಕಂಪನಿ 2023ರಲ್ಲಿ ನಿಯಮ ಮಾಡಿದೆ, ಆಮೇಲೆ ಮೂಟೆಯೂ ಇಲ್ಲ. ಇಂಥ ಪ್ರಸಂಗಗಳಲ್ಲಿ ನನಗೆ ಬಹಳ ವ್ಯಥೆಯಾದದ್ದು ಸದಸ್ಯರೊಬ್ಬರು ತಮ್ಮ ಪತ್ನಿಯ ಕೊನೆಯ ವರ್ಷದ ಚಿತ್ರಗಳಿಗಾಗಿ ಕಛೇರಿಗೆ ಬಂದು ಕೂತಾಗ. ಸಂಘದ ಹುಡುಗ ಒಂದು ಮಧ್ಯಾಹ್ನವಿಡೀ ಪ್ರಯತ್ನಿಸಿದ. ಹಳೆಯ ವಿಳಾಸವೇ ಗೊತ್ತಿಲ್ಲದಿದ್ದರೆ ಯಾರೇನು ಮಾಡಿಯಾರು?

ಆದ್ದರಿಂದ ಇವತ್ತೇ ಫೋನಿನ ಸೆಟ್ಟಿಂಗಿನಲ್ಲಿ ಗೂಗಲ್ ಎಂದಿರುವಲ್ಲಿ ಒತ್ತಿ, ಅಲ್ಲಿ ಕಾಣುವ ವಿಳಾಸವನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಫೋನು ಕೈಯಲ್ಲಿರುವಾಗಲೇ ಹೊಸದು ಇಟ್ಟುಕೊಳ್ಳಿ. ಆಗ ಸುಲಭ, ಆಮೇಲೆ ಬಲು ಕಷ್ಟ. ಗೂಗಲ್‌ನವರು ಪುಕ್ಕಟೆಯಾಗಿ ಕೊಡುವ ಜಾಗ 15 ಜಿ.ಬಿ. ಎಂಬುದೂ ನೆನಪಿರಲಿ. 2021ರ ಜೂನಿನಿಂದ ಫೋಟೊಗಳನ್ನೂ ಆ ಲೆಕ್ಕಕ್ಕೆ ಹಿಡಿದಿದ್ದಾರೆ. ಅದು ತುಂಬಿದ ಮೇಲೆ ತೆಗೆದ ಚಿತ್ರಗಳು ಫೋನಿನಲ್ಲಿ ಮಾತ್ರ ಉಳಿಯುತ್ತವೆ, ಅಂದರೆ ಚೀಲದಲ್ಲಿದ್ದ ನೋಟಿನ ಹಾಗೆ. ಬೇಕೆಂಬ ಚಿತ್ರಗಳನ್ನು ವರ್ಷಕ್ಕೊಮ್ಮೆ ಪೆನ್‌ಡ್ರೈವಿಗೆ ಹಾಕಿ ಕಪಾಟಿನಲ್ಲಿಡುವುದು ನನಗೆ ಈಗಲೂ ಹೆಚ್ಚು ನಂಬಿಕೆಯ ಮಾರ್ಗ.

ವಾಟ್ಸಾಪ್ ಸ್ವಲ್ಪ ಬೇರೆ ಜಾತಿ. ನಿಮಗೆ ಮುಟ್ಟಿದ ಸಂದೇಶಗಳನ್ನು ಆ ಕಂಪನಿ ತನ್ನಲ್ಲಿ ಇಟ್ಟುಕೊಳ್ಳುವುದಿಲ್ಲ. ಅವು ನಿಮ್ಮ ಫೋನಿನಲ್ಲೇ ಇರುತ್ತವೆ. ಹೊಸ ಫೋನಿನಲ್ಲಿ ಅದೇ ನಂಬರಿನಿಂದ ವಾಟ್ಸಾಪ್ ತೆರೆದರೆ ಗುಂಪುಗಳು ಮರಳಿ ಬರುತ್ತವೆ, ಹಳೆಯ ಮಾತುಗಳು ಬಾರವು. ಬ್ಯಾಕಪ್ ಎಂಬ ನಕಲು ಮಾಡುವ ಏರ್ಪಾಡನ್ನು ಮೊದಲೇ ಮಾಡಿದ್ದರೆ ಮಾತ್ರ ಅವೂ ಬರುತ್ತವೆ. ಕೂಲಿ ಲೆಕ್ಕ, ಗೊಬ್ಬರದ ಅಂಗಡಿಯ ಬಿಲ್ಲು, ವ್ಯಾಪಾರಿಯೊಡನೆ ಆದ ದರದ ಮಾತು ಎಲ್ಲವನ್ನೂ ವಾಟ್ಸಾಪಿನಲ್ಲೇ ಇಟ್ಟುಕೊಂಡವರು ಇದನ್ನು ಗಮನಿಸಬೇಕು.

ಇನ್ನು ಪಹಣಿ, ಸಂಘಕ್ಕೆ ಮಾಲು ಹಾಕಿದ ಲೆಕ್ಕ, ಡಿಜಿಲಾಕರಿನಲ್ಲಿ ಕಾಣುವ ದಾಖಲೆಗಳು, ಫ್ರೂಟ್ಸ್ ನೋಂದಣಿಯ ಸಂಖ್ಯೆ ಇವೆಲ್ಲ ಪಾಸ್‌ಬುಕ್ಕಿನ ಜಾತಿಗೆ ಸೇರಿದವು. ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಪಹಣಿಗಳು ಈ ಶತಮಾನದ ಆರಂಭದಲ್ಲೇ ಸರ್ಕಾರದ ಕಂಪ್ಯೂಟರಿಗೆ ಏರಿವೆ. ಫೋನಿನಲ್ಲಿ ನೀವು ನೋಡುವುದು ಅದರ ಪ್ರತಿಬಿಂಬ. ಚಿಂತೆ ಬೇಡ.

ದುಡ್ಡಿನ ವಿಚಾರ

ಯುಪಿಐ ಪದ್ಧತಿಯನ್ನು ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಸಂಸ್ಥೆ 2016ರಲ್ಲಿ ತಂದಿತು. ಫೋನ್‌ಪೇ, ಗೂಗಲ್ ಪೇ ಮೊದಲಾದವು ಅದರ ಬಾಗಿಲುಗಳು. ದುಡ್ಡು ಇರುವುದು ಬ್ಯಾಂಕಿನಲ್ಲಿ. ಆ್ಯಪ್ ಎಂಬುದು ಚೆಕ್ಕು ಬರೆಯುವ ಕೈ. ಪಿನ್ ಎಂಬುದು ಸಹಿ. ಈ ನಾಲ್ಕು ಅಥವಾ ಆರಂಕಿಯ ಪಿನ್ ಫೋನಿನಲ್ಲಿ ಬರೆದಿರುವುದಿಲ್ಲ. ನೀವು ಒತ್ತಿದೊಡನೆ ಗುಪ್ತಲಿಪಿಯಾಗಿ ಬ್ಯಾಂಕಿಗೆ ಹೋಗುತ್ತದೆ, ಅಲ್ಲಿ ತಾಳೆ ನೋಡುತ್ತಾರೆ. ಆದ್ದರಿಂದ ಫೋನು ಸಿಕ್ಕಿದವನಿಗೆ ಪಿನ್ ಗೊತ್ತಿಲ್ಲದೆ ದುಡ್ಡು ತೆಗೆಯಲಾಗದು. ಯುಪಿಐ ಲೈಟ್ ಎಂದು ಪಿನ್ ಕೇಳದೆ ಸಣ್ಣ ಮೊತ್ತ ಕೊಡುವ ಏರ್ಪಾಡನ್ನು ಮಾಡಿಕೊಂಡವರಿಗೆ ಮಾತ್ರ ಅದರಲ್ಲಿ ತುಂಬಿಸಿಟ್ಟ ಹಣದ ಬಾಬತ್ತು ಭಯವಿದೆ. 2024ರ ಡಿಸೆಂಬರಿನಲ್ಲಿ ಅದರ ಮಿತಿಯನ್ನು 5,000 ರೂಪಾಯಿಗೆ ಏರಿಸಲಾಯಿತು.

ಹಾಗಾದರೆ ಅಪಾಯ ಎಲ್ಲಿ? ಪಿನ್ ಮರೆತವರಿಗೆ ಹೊಸ ಪಿನ್ ಇಟ್ಟುಕೊಳ್ಳುವ ಮಾರ್ಗವೊಂದಿದೆಯಲ್ಲ, ಅಲ್ಲಿ. ಅದಕ್ಕೆ ಬೇಕಾದದ್ದು ನಿಮ್ಮ ಎಟಿಎಂ ಕಾರ್ಡಿನ ಅಥವಾ ಆಧಾರಿನ ಕೆಲವು ಅಂಕೆಗಳು ಮತ್ತು ಸಿಮ್ಮಿಗೆ ಬರುವ ಒಟಿಪಿ. ಈಗ ನಿಮ್ಮ ಫೋನಿನ ಹಿಂಬದಿಯ ಕವರನ್ನು ತೆಗೆದು ನೋಡಿ. ಎಷ್ಟೋ ಜನ ಎಟಿಎಂ ಕಾರ್ಡು, ಆಧಾರ್ ಕಾರ್ಡಿನ ಮಡಿಸಿದ ನಕಲು ಎರಡನ್ನೂ ಅಲ್ಲಿಯೇ ಸಿಕ್ಕಿಸಿಟ್ಟಿರುತ್ತಾರೆ. ಇಲ್ಲದಿದ್ದರೆ ಯಾವುದೋ ಅರ್ಜಿಗೆ ಕಳಿಸಲೆಂದು ತೆಗೆದ ಕಾರ್ಡುಗಳ ಫೋಟೊ ಗ್ಯಾಲರಿಯಲ್ಲಿರುತ್ತದೆ. ಇನ್ನೂ ಕೆಲವರು ಮರೆಯಬಾರದೆಂದು ಪಿನ್ನನ್ನೇ ‘ಎಟಿಎಂ’ ಎಂಬ ಹೆಸರಿನಲ್ಲಿ ಫೋನ್ ನಂಬರುಗಳ ಪಟ್ಟಿಯಲ್ಲಿ ಸೇರಿಸಿರುತ್ತಾರೆ. ಸಿಮ್ಮು, ಕಾರ್ಡು, ಆಧಾರು ಮೂರೂ ಒಂದೇ ಕವರಿನಲ್ಲಿ ಹೋದವೆಂದರೆ ಬೀರುವಿನ ಕೈ, ಮನೆಯ ಕೈ, ಮನೆಯ ವಿಳಾಸ ಮೂರನ್ನೂ ಒಂದೇ ಗೊಂಚಲು ಮಾಡಿ ದಾರಿಯಲ್ಲಿ ಬಿಟ್ಟಂತೆ. ಬೇರೆ ಬೇರೆ ಜಾಗದಲ್ಲಿದ್ದರೆ ಅದೇ ಕಳ್ಳನಿಗೆ ಕೆಲಸ ಬಹಳ ಕಷ್ಟ. ಕಾರ್ಡು ಮನೆಯಲ್ಲಿರಲಿ, ಅರ್ಜಿ ಕಳಿಸಿಯಾದ ಮೇಲೆ ಫೋಟೊ ಅಳಿಸಿ, ಗ್ಯಾಲರಿಯ ಕಸದಬುಟ್ಟಿಯಿಂದಲೂ ಅಳಿಸಿ.

ಕಳೆದ ದಿನ

ಫೋನು ಕಳೆದರೆ ಮೊದಲು ಮಾಡಬೇಕಾದದ್ದು ಸಿಮ್ಮನ್ನು ನಿಲ್ಲಿಸುವುದು. ಪಕ್ಕದವರ ಫೋನಿನಿಂದ ನಿಮ್ಮ ಕಂಪನಿಗೆ ಕರೆ ಮಾಡಿ ‘ಸಿಮ್ ಕಳೆದಿದೆ, ಬ್ಲಾಕ್ ಮಾಡಿ’ ಎನ್ನಿ. ಇದಕ್ಕೆ ಹೊಸ ಫೋನು ಬೇಕಾಗಿಲ್ಲ, ಮಗ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಅದರ ಬೆನ್ನಿಗೇ ಬ್ಯಾಂಕಿಗೆ ತಿಳಿಸಿ ಯುಪಿಐ ನಿಲ್ಲಿಸಲು ಹೇಳಿ. ಬ್ಯಾಂಕಿಗೆ ತಿಳಿಸಿದ ಹೊತ್ತು ಮತ್ತು ಅವರು ಕೊಡುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು ಬಹು ಮುಖ್ಯ. 2017ರ ಜುಲೈಯಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸುತ್ತೋಲೆಯಲ್ಲಿ, ಗ್ರಾಹಕನ ಅಲಕ್ಷ್ಯದಿಂದಾದ ನಷ್ಟ ಅವನು ಬ್ಯಾಂಕಿಗೆ ತಿಳಿಸುವವರೆಗೆ ಅವನದು, ತಿಳಿಸಿದ ನಂತರದ ನಷ್ಟ ಬ್ಯಾಂಕಿನದು ಎಂದು ಸ್ಪಷ್ಟಪಡಿಸಿತು; ಅದೇ ವರ್ಷಾಂತ್ಯದಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅಂಥದೇ ಸುತ್ತೋಲೆ ಬಂತು. ಒಂದು ತಾಸು ಮುಂಚೆ ತಿಳಿಸಿದ್ದಕ್ಕೆ ರುಜುವಾತು ಇದ್ದರೆ ವಾದಿಸಲು ಆಧಾರವಿರುತ್ತದೆ. ದುಡ್ಡು ಈಗಾಗಲೇ ಹೋಗಿದ್ದರೆ 1930 ಎಂಬ ನಂಬರಿಗೆ ಕರೆ ಮಾಡಿ ದೂರು ಬರೆಸಬೇಕು. ಬೇಗ ಹೇಳಿದಷ್ಟೂ ಆ ಹಣ ಮತ್ತೊಂದು ಖಾತೆಗೆ ಜಾರುವ ಮೊದಲೇ ತಡೆಯುವ ಅವಕಾಶ ಹೆಚ್ಚು.

ಆಮೇಲೆ ಪೊಲೀಸ್ ಠಾಣೆ. ದೂರಿನ ಪ್ರತಿ ಪಡೆದು, ಅದೇ ಸಂಚಾರ್ ಸಾಥಿಯಲ್ಲಿ ಫೋನನ್ನೇ ನಿಲ್ಲಿಸುವ ಅರ್ಜಿ ಹಾಕಬಹುದು. ಪ್ರತಿಯೊಂದು ಫೋನಿಗೂ ಐಎಂಇಐ ಎಂಬ 15 ಅಂಕೆಯ ಸಂಖ್ಯೆ ಇದೆ, ಜೀಪಿನ ಚಾಸಿಸ್ ನಂಬರಿನ ಹಾಗೆ. ಎರಡು ಸಿಮ್ಮಿನ ಫೋನಿಗೆ ಎರಡು. ಆ ಸಂಖ್ಯೆಯನ್ನು ಕಪ್ಪುಪಟ್ಟಿಗೆ ಹಾಕಿದರೆ ಯಾವ ಕಂಪನಿಯ ಸಿಮ್ಮು ಹಾಕಿದರೂ ಆ ಫೋನು ದೇಶದಲ್ಲಿ ನಡೆಯುವುದಿಲ್ಲ. ಫೋನು ಕಳೆದ ಮೇಲೆ ಈ ಸಂಖ್ಯೆ ಹುಡುಕುವುದು ಕಷ್ಟ. ಖಾಲಿ ಡಬ್ಬಿ ಒಲೆಗೆ ಹೋಗಿರುತ್ತದೆ. ಈಗಲೇ ಫೋನಿನಲ್ಲಿ ನಕ್ಷತ್ರ, ಹ್ಯಾಶ್, ಸೊನ್ನೆ, ಆರು, ಹ್ಯಾಶ್ (*#06#) ಒತ್ತಿದರೆ ಪರದೆಯ ಮೇಲೆ ಕಾಣುತ್ತದೆ.

ಹೊಸ ಸಿಮ್ಮು ಚಾಲೂ ಆದ ಮೊದಲ 24 ಗಂಟೆ ಸಂದೇಶಗಳು, ಅಂದರೆ ಒಟಿಪಿ, ಬರುವುದಿಲ್ಲ. ಸಿಮ್ಮು ಕೆಟ್ಟಿದೆಯೆಂದು ಅಂಗಡಿಯವನೊಡನೆ ಜಗಳಕ್ಕೆ ಹೋಗಬೇಡಿ. ಬೇರೆಯವರು ಮೋಸದಿಂದ ನಿಮ್ಮ ಹೆಸರಿನ ಸಿಮ್ಮು ಪಡೆದರೆ ನಿಮಗೆ ಎಚ್ಚೆತ್ತುಕೊಳ್ಳಲು ಒಂದು ದಿನ ಸಿಗಲೆಂದು ಸರ್ಕಾರವೇ ಮಾಡಿದ ತಡೆ ಇದು. ಇದರ ಇನ್ನೊಂದು ಮುಖವನ್ನೂ ತಿಳಿದಿರಿ: ಫೋನು ಕೈಯಲ್ಲೇ ಇದ್ದು, ಪಕ್ಕದವರಿಗೆಲ್ಲ ಸಿಗ್ನಲ್ ಇದ್ದು, ನಿಮ್ಮದು ಮಾತ್ರ ಇದ್ದಕ್ಕಿದ್ದಂತೆ ಗಂಟೆಗಟ್ಟಲೆ ಸತ್ತಿದ್ದರೆ ಕಂಪನಿಯನ್ನು ಕೂಡಲೇ ವಿಚಾರಿಸಿ. ನಮ್ಮ ಟವರುಗಳ ಯೋಗ್ಯತೆ ನೋಡಿ ಅಭ್ಯಾಸವಾದ ನಾವು ಇದನ್ನು ಗಮನಿಸದೆ ಬಿಡುವುದೇ ಹೆಚ್ಚು.

ಸದಸ್ಯರ ಅನುಕೂಲಕ್ಕಾಗಿ ಕಛೇರಿಯಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಇಟ್ಟಿದ್ದೇವೆ. ಅದರಲ್ಲಿ ಫೋನ್ ನಂಬರು, ಸಿಮ್ ಯಾರ ಹೆಸರಿನಲ್ಲಿದೆ, ಐಎಂಇಐ ಸಂಖ್ಯೆ, ಜಿಮೇಲ್ ವಿಳಾಸ, ಬ್ಯಾಂಕಿನ ಮತ್ತು ಸಿಮ್ ಕಂಪನಿಯ ಸಹಾಯವಾಣಿ ಇಷ್ಟಕ್ಕೆ ಜಾಗ ಬಿಟ್ಟಿದೆ. ಪಿನ್ನಿಗೂ ಪಾಸ್‌ವರ್ಡಿಗೂ ಬೇಕೆಂದೇ ಜಾಗ ಬಿಟ್ಟಿಲ್ಲ. ಅವನ್ನು ಅದರಲ್ಲಿ ಬರೆಯಬೇಡಿ, ನಮಗೂ ಹೇಳಬೇಡಿ. ಹಾಳೆ ತುಂಬಿಸಿ ಮನೆಯ ಕಪಾಟಿನಲ್ಲಿ ಪಹಣಿಯ ಜೊತೆ ಇಟ್ಟುಕೊಳ್ಳಿ. ಮುಂದಿನ ಸಲ ಮಾಲು ಹಾಕಲು ಬರುವಾಗ ಫೋನನ್ನೂ ತಂದರೆ, ಓದಲು ಕಷ್ಟವಾಗುವ ಹಿರಿಯರಿಗೆ ಕಛೇರಿಯ ಹುಡುಗರು ಕೂತು ತುಂಬಿಸಿಕೊಡುತ್ತಾರೆ.